ಗಾಳಿಗುಳ್ಳೆ ಎಂದು ಬರೆದದ್ದು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷ ಒಂದೇ ಮೇಜಿನ ಮುಂದೆ ಕೂತು, ಬಂದುಹೋದ ಹುಡುಗ ಹುಡುಗಿಯರಿಗೆಲ್ಲ ಸಿರಿಂಜು ಹಿಡಿಯುವುದನ್ನು ಕಲಿಸಿದವಳಿಗೆ ಬೇರೆ ಹೆಸರಿನ ಅಗತ್ಯವೂ ಬೀಳಲಿಲ್ಲ. ಮನೆಯಲ್ಲೂ ಅವಳು ಅಕ್ಕನೇ. ಏಳು ವರ್ಷಕ್ಕೆ ಚಿಕ್ಕವಳಾದ ಒಬ್ಬಳೇ ತಂಗಿ. ಆ ತಂಗಿಗೆ ಚಿಕ್ಕಂದಿನಲ್ಲೇ ‘ಮುಟ್ಟಿದರೆ ಮುನಿ’ ಎಂದು ಹೆಸರು ಬಿದ್ದಿತ್ತು. ಸ್ವಲ್ಪ ಗಟ್ಟಿಯಾಗಿ ಕೈ ಹಿಡಿದರೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿ ಮೂಡುತ್ತಿತ್ತು, ಅವಳು ಅಳುತ್ತಿದ್ದಳು. ಬರಬರುತ್ತ ಹೆಸರು ಸವೆದು ಬರೀ ಮುನಿ ಆಯಿತು.

ಅಕ್ಕನ ಕೆಲಸ ರಕ್ತ ಹೆಪ್ಪುಗಟ್ಟುವುದನ್ನು ನೋಡುವುದು. ಅದೂ ಕೊಳವೆಯಲ್ಲಿ ನಿಂತ ರಕ್ತವಲ್ಲ, ಹರಿಯುವ ರಕ್ತ. ಕೂದಲೆಳೆಯಷ್ಟು ತೆಳ್ಳಗಿನ ಕಾಲುವೆಗಳಿರುವ ಒಂದು ಗಾಜಿನ ಪಟ್ಟಿ. ಕಾಲುವೆಯ ತಳಕ್ಕೆ ಕೊಲಾಜೆನ್ ಲೇಪ. ರಕ್ತನಾಳ ಹರಿದಾಗ ಗಾಯದ ಬಾಯಲ್ಲಿ ರಕ್ತಕ್ಕೆ ಮೊದಲು ತಗಲುವ ವಸ್ತು ಅದೇ. ಪಂಪು ರಕ್ತವನ್ನು ಅದರ ಮೇಲೆ ಹರಿಸುತ್ತದೆ, ಬಣ್ಣ ಹಾಕಿದ ಪ್ಲೇಟ್‌ಲೆಟ್‌ಗಳು ಸೂಕ್ಷ್ಮದರ್ಶಕದಡಿ ಹಸಿರಾಗಿ ಮಿನುಗುತ್ತವೆ. ಹರಿವು ನಿಧಾನವಿದ್ದರೆ ಅವು ತಾವಾಗಿಯೇ ತಳಕ್ಕೆ ಅಂಟಿಕೊಳ್ಳುತ್ತವೆ. ಹರಿವು ಜೋರಾದರೆ ಅವುಗಳಿಗೆ ಒಂದು ಆಸರೆ ಬೇಕು. ಆ ಆಸರೆಯೇ ರಕ್ತದಲ್ಲಿರುವ ಒಂದು ಉದ್ದನೆಯ ಪ್ರೋಟೀನು. ಸುಮ್ಮನಿದ್ದಾಗ ಅದು ಮುದುಡಿಕೊಂಡಿರುತ್ತದೆ. ಹರಿವು ಎಳೆದಾಗ ಬಿಚ್ಚಿಕೊಂಡು, ಓಡುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ಕೆಲವರಲ್ಲಿ ಈ ಪ್ರೋಟೀನು ಬೇಕಾದಷ್ಟು ಇರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ. ಹರಿಸಿಯೇ ನೋಡಬೇಕು.

ಆ ವರ್ಷ ರೋಗಿಗಳ ರಕ್ತದ ಜೊತೆ ಹೋಲಿಸಲು ಹತ್ತು ಜನ ಆರೋಗ್ಯವಂತರು ಬೇಕಿದ್ದರು. ಎಂಟು ಜನ ಮುಗಿದಿದ್ದರು. ಹತ್ತನೆಯವನಾಗಿ ಗೇಟಿನ ಕಾವಲುಗಾರ ಒಪ್ಪಿಕೊಂಡಿದ್ದ. ಒಂಬತ್ತನೆಯವನು ಹಿಂದಿನ ದಿನ, ಪ್ಲೇಟ್‌ಲೆಟ್‌ಗಳ ಅಂಟು ತಗ್ಗಿಸುವ ತಲೆನೋವಿನ ಮಾತ್ರೆ ನುಂಗಿ ಬಂದಿದ್ದರಿಂದ ಅವನ ರಕ್ತ ಉಪಯೋಗಕ್ಕೆ ಬರುವಂತಿರಲಿಲ್ಲ. ಶುಕ್ರವಾರ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಮೇಡಂ, ಒಂದು ದೊಡ್ಡ ಸಭೆಯಲ್ಲಿ ಈ ಫಲಿತಾಂಶಗಳನ್ನು ಮಂಡಿಸಬೇಕಿತ್ತು. ಅಂದು ಬುಧವಾರ. ಅಕ್ಕ ಮುನಿಗೆ ಫೋನು ಮಾಡಿದಳು.

ಮುನಿ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವ ಕೆಲಸ ಮಾಡುತ್ತಿದ್ದಳು. ಊಟದ ಬಿಡುವಿನಲ್ಲಿ ಓಡಿಬಂದಳು. ಬೆರಳುಗಳಲ್ಲಿ ಇನ್ನೂ ಅಂಟು ಒಣಗಿರಲಿಲ್ಲ.

“ಬೇಗ ಹೀರ್ಕೋ ತಾಯಿ, ಎರಡು ಗಂಟೆಗೆ ವಾಪಸ್ ಹೋಗ್ಬೇಕು. ಇದೇನು ಇಷ್ಟುದ್ದ ಕಾಗದ?”

“ಪ್ರಶ್ನೆಗಳು. ತುಂಬ್ಬೇಕು.”

“ನನ್ನ ಕೈಯೆಲ್ಲ ಅಂಟು. ನೀನೇ ಬರ್ಕೋ. ನಿಂಗೆ ಗೊತ್ತಿಲ್ಲದ್ದು ನಂದೇನಿದೆ?”

ಹದಿನಾಲ್ಕು ಪ್ರಶ್ನೆಗಳಿದ್ದವು. ಅಕ್ಕ ಒಂದನ್ನೂ ಓದಿ ಹೇಳಲಿಲ್ಲ. ‘ಇಲ್ಲ’ ಎನ್ನುವ ಸಾಲಿನಲ್ಲಿ ಮೇಲಿಂದ ಕೆಳಗೆ ಗುರುತು ಹಾಕುತ್ತ ಹೋದಳು. ಚಿಕ್ಕ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆಯೇ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಮುಟ್ಟಿನ ರಕ್ತಸ್ರಾವ ಏಳು ದಿನಕ್ಕಿಂತ ಹೆಚ್ಚೇ ಎಂಬಲ್ಲಿ ಇನ್ನೊಮ್ಮೆ. ತಿಂಗಳಿಗೆ ಎರಡು ದಿನ ಮುನಿ ಮಲಗಿಬಿಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಶಾಲೆಗೆ ಹೋಗುತ್ತಿದ್ದಾಗ ಅಮ್ಮ, “ನಮಗೆಲ್ಲ ಆಗೋದೇ ತಾನೆ, ಇವಳದ್ದೇನು ಹೊಸದಾ?” ಎನ್ನುತ್ತಿದ್ದಳು. ಅಕ್ಕ ಅದಕ್ಕೆ, “ನಾಟಕ, ಪಾತ್ರೆ ತೊಳೆಯೋದು ತಪ್ಪತ್ತಲ್ಲ,” ಎಂದು ಸೇರಿಸುತ್ತಿದ್ದಳು. ಆ ಎರಡು ಕಡೆಯೂ ‘ಇಲ್ಲ’ ಎಂದೇ ಗುರುತು ಬಿತ್ತು.

ಮಧ್ಯಾಹ್ನ ಒಂದೇ ಗಾಜಿನ ಪಟ್ಟಿಯ ಎರಡು ಕಾಲುವೆಗಳಲ್ಲಿ ಎರಡು ರಕ್ತ ಹರಿಸಿದಳು. ಎಡಗಡೆ ಕಾವಲುಗಾರನದು, ಬಲಗಡೆ ಮುನಿಯದು. ನಿಧಾನದ ಹರಿವಿನಲ್ಲಿ ಎರಡೂ ಒಂದೇ ತರಹ. ಪಂಪಿನ ವೇಗ ಹೆಚ್ಚಿಸಿದಳು. ಕಾವಲುಗಾರನ ಕಾಲುವೆಯ ತಳ ಮೂರು ನಿಮಿಷದಲ್ಲಿ ಹಸಿರು ಕಂಬಳಿ ಹಾಸಿದಂತಾಯಿತು. ಮುನಿಯದರಲ್ಲಿ ಹಸಿರು ಚುಕ್ಕೆಗಳು ಬಂದವು, ತಳ ಮುಟ್ಟಿದವು, ಒಂದಿಷ್ಟು ದೂರ ಉರುಳಿದವು, ಜಾರಿ ಹೋದವು. ಉಳಿದ ರಕ್ತವನ್ನು ಹೊಸ ಕಾಲುವೆಯಲ್ಲಿ ಮತ್ತೆ ಹರಿಸಿದಳು. ಮತ್ತೆ ಅದೇ. ಎರಡು ಸಲದ್ದೂ ವೀಡಿಯೋದಲ್ಲಿ ದಾಖಲಾಯಿತು. ತಳದಲ್ಲಿ ಹಸಿರು ಮುಚ್ಚಿದ ಜಾಗ ಕಾವಲುಗಾರನದು ನೂರಕ್ಕೆ ಮೂವತ್ತೆಂಟು, ಮುನಿಯದು ಆರು.

ಹದಿನಾರು ವರ್ಷದ ಅನುಭವಕ್ಕೆ ಇದು ಏನೆಂದು ಹೇಳಿಕೊಡಬೇಕಿರಲಿಲ್ಲ. ಲೇಪ ಸರಿಯಿಲ್ಲ ಎನ್ನೋಣವೆಂದರೆ ಪಕ್ಕದ ಕಾಲುವೆಯದೂ ಅದೇ ಲೇಪ. ಆದರೆ ಇದನ್ನು ಮೇಡಂಗೆ ತೋರಿಸಿದರೆ ಅವರು ಮೊದಲು ಕೇಳುವುದು ಪ್ರಶ್ನೆಗಳ ಕಾಗದವನ್ನು. ಅದರ ತುಂಬ ತನ್ನದೇ ಕೈಯ ಗುರುತುಗಳು. ಅಕ್ಕ ದಾಖಲೆ ಪುಸ್ತಕ ಎಳೆದುಕೊಂಡು ಬರೆದಳು: ‘ಒಂಬತ್ತು: ಕಾಲುವೆಯಲ್ಲಿ ಗಾಳಿಗುಳ್ಳೆ. ಕೈಬಿಡಲಾಗಿದೆ.’ ಮರುದಿನ ಲೆಕ್ಕಪತ್ರ ವಿಭಾಗದ ಗುಮಾಸ್ತೆಯೊಬ್ಬಳು ತೋಳು ಚಾಚಿದಳು. ಹತ್ತು ಜನ ಪೂರ್ತಿಯಾದರು. ಮೇಡಂ ಸಭೆಯಿಂದ ಸಂತೋಷವಾಗಿ ಬಂದರು.

ಮುನಿಗೆ ಒಂದು ಮಾತು ಹೇಳಬೇಕೆಂದು ಅಕ್ಕ ಅಂದುಕೊಂಡದ್ದುಂಟು. ಇನ್ನೊಮ್ಮೆ ಪರೀಕ್ಷೆ ಮಾಡಿ ಆಮೇಲೆ ಹೇಳೋಣ ಎಂದುಕೊಂಡಳು. ನಾಳೆ, ನಾಡಿದ್ದು ಅನ್ನುತ್ತ ಎಂಟು ತಿಂಗಳು ಹೋಯಿತು. ಮುನಿ ಮನೆಗೆ ಬಂದಾಗಲೆಲ್ಲ ಅವಳ ತೋಳಿನ ಕಡೆ ನೋಡದೆ ಮಾತಾಡುವುದು ಅಕ್ಕನಿಗೆ ಅಭ್ಯಾಸವಾಯಿತು.

ಎಂಟು ತಿಂಗಳ ಮೇಲೆ ಮುನಿಗೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು, ತೆಗೆಯಬೇಕು ಎಂದರು. ಒಂದು ಬೆಳಗ್ಗೆ ಹನ್ನೊಂದು ಗಂಟೆಗೆ ಅವಳ ಫೋನು ಬಂತು. ಅಕ್ಕ ಮೇಜಿನ ಮುಂದಿದ್ದಳು, ಮೇಡಂ ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದರು.

“ಅಕ್ಕ, ಡಾಕ್ಟರು ಕೇಳ್ತಿದ್ದಾರೆ, ರಕ್ತ ನಿಲ್ಲದೇ ಇರೋ ತೊಂದರೆ ಏನಾದ್ರೂ ಇದ್ಯಾ ಅಂತ. ಇವರ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿ ಬಂದಿದೆ. ನಂಗೆ ನಿನ್ನ ಮೆಷೀನು ನೆನಪಾಯ್ತು. ಅವತ್ತು ನನ್ನ ರಕ್ತ ಹಾಕಿದ್ಯಲ್ಲ, ಏನಾದ್ರೂ ಬಂತಾ ಅದ್ರಲ್ಲಿ?”

ಮೇಡಂ ತಲೆಯೆತ್ತಿ ನೋಡಿದರು. ಬರೀ ಫೋನು ಬಂತಲ್ಲ ಎಂದು ನೋಡಿದ್ದು, ಅಷ್ಟೇ.

“ಎಲ್ಲ ಸರಿಯಾಗಿತ್ತು ಕಣೆ,” ಎಂದಳು ಅಕ್ಕ. “ಭಯ ಬೀಳ್ಬೇಡ.”

“ಸರಿ ಹಾಗಾದ್ರೆ. ನಮ್ಮಕ್ಕ ಅದೇ ಕೆಲಸ ಮಾಡೋದು, ಅವಳೇ ನೋಡಿದ್ದಾಳೆ ಅಂತ ಹೇಳ್ತೀನಿ.”

ಫೋನು ಇಟ್ಟ ಮೇಲೆ ಅಕ್ಕನಿಗೆ ವಾಪಸ್ ಫೋನು ಮಾಡಬೇಕು ಎನ್ನಿಸಿತು. ಮೇಡಂ ಹೋಗಲಿ ಎಂದು ಕಾದಳು. ಮೇಡಂ ಹೋದರು. ಆಮೇಲೆ ಊಟ ಆಗಲಿ ಎಂದುಕೊಂಡಳು. ಸಂಜೆಯ ಹೊತ್ತಿಗೆ, ಇದು ಚಿಕ್ಕ ಆಪರೇಷನ್ನು, ಮೂರು ತೂತು ಅಷ್ಟೇ, ಏನೂ ಆಗುವುದಿಲ್ಲ ಎಂದು ತನ್ನನ್ನು ತಾನೇ ಒಪ್ಪಿಸಿಬಿಟ್ಟಿದ್ದಳು.

ಎರಡು ದಿನ ಬಿಟ್ಟು ಬೆಳಗ್ಗೆ ಆಪರೇಷನ್ನು ಆಯಿತು, ಸುಸೂತ್ರವಾಗಿಯೇ. ಮರುದಿನ ಬೆಳಗ್ಗೆ ಮುನಿಯ ಹೊಟ್ಟೆ ಉಬ್ಬಿತು, ನಾಡಿ ಓಡತೊಡಗಿತು. ಒಳಗೆ ರಕ್ತ ಸೋರುತ್ತಿದೆ ಎಂದು ಮತ್ತೆ ಆಪರೇಷನ್ ಕೋಣೆಗೆ ಎತ್ತಿಕೊಂಡು ಹೋದರು. ಹೊರಗಿನ ಉದ್ದ ಬೆಂಚಿನ ಮೇಲೆ ಅಮ್ಮ, ಅಕ್ಕ, ಮುನಿಯ ಗಂಡ. ಅವನು ಶಾಲೆಯಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುತ್ತಿದ್ದರಿಂದ ಮನೆಯಲ್ಲಿ ಎಲ್ಲರಿಗೂ ಮೇಷ್ಟ್ರೇ. ಮೇಷ್ಟ್ರು ಯಾವುದೋ ರಸೀತಿಯ ಹಿಂದೆ ಪೆನ್ಸಿಲಿನಿಂದ ಗೆರೆಯ ಮೇಲೆ ಗೆರೆ ಎಳೆಯುತ್ತ ಕೂತಿದ್ದ.

ಸರ್ಜನ್ ಹೊರಗೆ ಬಂದು, “ಹೊಲಿಗೆ ಎಲ್ಲ ಗಟ್ಟಿಯಾಗಿದೆ. ಇಂಥ ಕಡೆ ಅಂತಿಲ್ಲ, ಒಸರ್ತಾನೇ ಇದೆ. ನಾಲ್ಕು ಬಾಟಲಿ ರಕ್ತ ಕೊಟ್ಟಾಯ್ತು. ಪರೀಕ್ಷೆ ನೋಡಿದ್ರೆ ಎಲ್ಲ ಮಾಮೂಲಿ,” ಎಂದರು.

ಅಮ್ಮ ಅಕ್ಕನ ಕೈ ಹಿಡಿದುಕೊಂಡಳು. ಅಕ್ಕ ಕೈ ಬಿಡಿಸಿಕೊಂಡು ಸರ್ಜನ್ ಹಿಂದೆ ಮೆಟ್ಟಿಲ ತನಕ ಓಡಿದಳು. ಕಾಯಿಲೆಯ ಹೆಸರು ಹೇಳಿದಳು, ಆ ಪ್ರೋಟೀನನ್ನೇ ಪುಡಿಮಾಡಿ ಔಷಧವಾಗಿ ಇಟ್ಟಿರುತ್ತಾರೆ, ತರಿಸಿ, ಕಾಯಬೇಡಿ ಎಂದಳು.

“ನಿಮಗೆ ಹೇಗೆ ಅನುಮಾನ ಬಂತು?”

ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಅಕ್ಕನ ಬಾಯಿಂದ ಬಂದದ್ದು ಬೇರೆ. “ನಾನು ಅದೇ ಕೆಲಸದಲ್ಲಿದ್ದೀನಿ. ಚಿಕ್ಕಂದಿನಿಂದ ಅವಳ ಮೈ ಬೇಗ ನೀಲಿಗಟ್ಟತ್ತೆ.”

ಒಂದಕ್ಷರವೂ ಸುಳ್ಳಲ್ಲ.

ಔಷಧ ಎರಡು ಗಂಟೆಯಲ್ಲಿ ಬಂತು. ಸಂಜೆ ಐದಕ್ಕೆ ರಕ್ತ ನಿಂತಿತು. ನಾಲ್ಕನೆಯ ದಿನ ಮುನಿ ಎದ್ದು ಕೂತಳು. ಸರ್ಜನ್ ಅವಳ ಮಂಚದ ಪಕ್ಕದಲ್ಲಿ ಎಲ್ಲರ ಎದುರು, “ನಿಮ್ಮಕ್ಕ ಇಲ್ದೇ ಹೋಗಿದ್ರೆ ನಮಗೆ ಕಷ್ಟ ಇತ್ತು. ಅವರಿಗೆ ಹೊಳೆದಿದ್ದು ನಮಗೆ ಹೊಳೆದಿರಲಿಲ್ಲ,” ಎಂದರು.

ಅಲ್ಲಿಂದ ಶುರುವಾಯಿತು. ಅಮ್ಮ ಫೋನು ಕೆಳಗಿಡಲಿಲ್ಲ. ದೊಡ್ಡಮ್ಮನಿಗೆ, ಚಿಕ್ಕಪ್ಪನಿಗೆ, ಪಕ್ಕದ ಮನೆಯವರಿಗೆ, ತನ್ನ ಹಲ್ಲಿನ ಡಾಕ್ಟರಿಗೂ ಹೇಳಿದಳು. “ದೊಡ್ಡವಳು ಕಣ್ಣಿಟ್ಟು ನೋಡಿದಳು ನೋಡಿ, ಚಿಕ್ಕವಳು ಉಳಿದಳು.” ಮೇಷ್ಟ್ರು ಅಕ್ಕನ ಚಿತ್ರವನ್ನೇ ಬರೆದ. ಸೂಕ್ಷ್ಮದರ್ಶಕದ ಮೇಲೆ ಬಾಗಿದ ಮುಖ, ಹಣೆಯ ಮೇಲೆ ಕೂದಲು, ತುಂಬ ಚೆನ್ನಾಗಿ ಬಂದಿತ್ತು. ಚೌಕಟ್ಟು ಹಾಕಿಸಿ ತಂದುಕೊಟ್ಟು, “ಅಕ್ಕ, ನನಗೆ ಮಾತು ಬರಲ್ಲ. ಇದನ್ನ ಇಟ್ಕೊಳ್ಳಿ,” ಎಂದ. ಅಕ್ಕ ಅದನ್ನು ಬೀರುವಿನ ಹಿಂದೆ, ಮುಖ ಗೋಡೆಗೆ ಮಾಡಿ ಇಟ್ಟಳು. ಹೊಗಳಿಕೆ ಕೇಳಿದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡು ಇನ್ನೂ ಹೊಗಳುತ್ತಿದ್ದರು.

ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಮುನಿಯ ಮನೆಗೆ ಹೋದಳು. ಮೇಷ್ಟ್ರು ಶಾಲೆಗೆ ಹೋಗಿದ್ದ. ಮುನಿ ಮಂಚದ ಮೇಲೆ ದಿಂಬಿಗೊರಗಿ, ಗ್ರಂಥಾಲಯದಿಂದ ತರಿಸಿಕೊಂಡ ಬಿಡಿಹಾಳೆಗಳನ್ನು ಪುಟಸಂಖ್ಯೆ ನೋಡಿ ಜೋಡಿಸುತ್ತಿದ್ದಳು.

“ಬಾ, ಡಾಕ್ಟರಮ್ಮ,” ಎಂದು ನಕ್ಕಳು. “ನೂರ ನಾಲ್ಕನೇ ಪುಟ ಹುಡುಕಿಕೊಡು. ಎಲ್ಲಿ ಅಡಗಿದ್ಯೋ.”

ಅಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪೀಠಿಕೆ ಮರೆತುಹೋಯಿತು. “ನಂಗೆ ಮುಂಚೆನೇ ಗೊತ್ತಿತ್ತು ಮುನಿ,” ಎಂದುಬಿಟ್ಟಳು.

“ಏನು?”

“ನಿನ್ನ ರಕ್ತ. ಅವತ್ತೇ ಗೊತ್ತಾಯ್ತು. ಜೋರಾಗಿ ಹರಿಸಿದಾಗ ನಿಲ್ಲಲಿಲ್ಲ. ಎರಡು ಸಲ ನೋಡಿದೆ, ವೀಡಿಯೋನೂ ಇದೆ. ಗಾಳಿಗುಳ್ಳೆ ಬಂತು ಅಂತ ಬರೆದು ಬಿಟ್ಟುಬಿಟ್ಟೆ.”

ಮುನಿ ಹಾಳೆಗಳನ್ನು ತೊಡೆಯ ಮೇಲಿಟ್ಟಳು. “ಗಾಳಿಗುಳ್ಳೆ ಇತ್ತಾ?”

“ಇರಲಿಲ್ಲ.”

“ಮತ್ಯಾಕೆ ಬರೆದೆ?”

“ಆ ಪ್ರಶ್ನೆ ಕಾಗದ ನಾನೇ ತುಂಬಿದ್ದೆ. ಎಲ್ಲಕ್ಕೂ ಇಲ್ಲ ಅಂತ. ಅದು ಹೊರಗೆ ಬರತ್ತೆ ಅಂತ.”

ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು. ಮುನಿ ಕೇಳಿದಳು: “ನಾನು ಆಪರೇಷನ್ನಿಗೆ ಮುಂಚೆ ಫೋನ್ ಮಾಡಿದ್ನಲ್ಲ. ಆಗ ಇದು ನೆನಪಿತ್ತಾ ನಿಂಗೆ?”

“ಇತ್ತು.”

“ಮರ್ತಿದ್ದೆ ಅಂದಿದ್ರೆ ನಂಬಿಬಿಡ್ತಿದ್ದೆ ಅಕ್ಕ.”

ಅಕ್ಕ ಅಳಲಿಲ್ಲ. ಅತ್ತರೆ ಮುನಿಯೇ ಸಮಾಧಾನ ಮಾಡಬೇಕಾಗುತ್ತದೆ, ಅಷ್ಟು ಕೆಳಗೆ ಇಳಿಯಬಾರದು ಎಂದು ಹಲ್ಲು ಕಚ್ಚಿ ಕೂತಳು. ಮುನಿ, “ಅಮ್ಮನಿಗೆ ನಾನು ಹೇಳಲ್ಲ. ನೀನೇ ಹೇಳು. ನಿಮ್ಮ ಮೇಡಂಗೂ,” ಎಂದಳು. “ಆಮೇಲೆ ಆ ವೀಡಿಯೋ ನಾನು ನೋಡ್ಬೇಕು. ಇವತ್ತು ಹೋಗು. ನಂಗೆ ಮಲಗ್ಬೇಕು.”

ಮರುದಿನ ಅಕ್ಕ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೇ ಹೇಳಿದಳು. ಮೇಡಂ ವೀಡಿಯೋ ತೆರೆದರು. ಎರಡೂ ಸಲದ್ದನ್ನು ಕೊನೆಯ ತನಕ ನೋಡಿದರು. ಅಕ್ಕ ಅವರ ಮೇಜಿನ ಮೇಲಿದ್ದ ಕಾಗದ ಕತ್ತರಿಸುವ ಚಾಕುವನ್ನೇ ನೋಡುತ್ತಿದ್ದಳು.

“ಇಷ್ಟು ಸ್ಪಷ್ಟವಾಗಿರೋದನ್ನ ನಾನು ಹತ್ತು ವರ್ಷದಲ್ಲಿ ನೋಡಿಲ್ಲ,” ಎಂದರು ಮೇಡಂ ಕೊನೆಗೆ. “ಒಬ್ಬ ರೋಗಿ ತಾವಾಗಿ ಬಾಗಿಲಿಗೆ ಬಂದಿದ್ರು. ನೀವು ಕಳಿಸಿಬಿಟ್ರಿ.”

“ತಪ್ಪಾಯ್ತು ಮೇಡಂ.”

“ಹೊಸ ಹುಡುಗರು ಬಂದಾಗ ನಾನು ಏನ್ ಹೇಳ್ತೀನಿ ಗೊತ್ತಾ? ಅನುಮಾನ ಬಂದ್ರೆ ಅಕ್ಕನ ದಾಖಲೆ ಪುಸ್ತಕ ನೋಡಿ, ಅದ್ರಲ್ಲಿರೋದು ನಿಜ ಅಂತ.”

ಬೈದಿದ್ದರೆ ಸುಲಭವಿತ್ತು. ಮೇಡಂ ಸಂಸ್ಥೆಯ ಸಮಿತಿಗೆ ಪತ್ರ ಬರೆದರು, ಅಚ್ಚಿಗೆ ಹೋಗಬೇಕಿದ್ದ ಲೇಖನವನ್ನು ಹಿಂದಕ್ಕೆ ತರಿಸಿದರು, ಹದಿನಾರು ವರ್ಷಗಳಲ್ಲಿ ಅಕ್ಕ ‘ಕೈಬಿಡಲಾಗಿದೆ’ ಎಂದು ಬರೆದ ಪ್ರತಿಯೊಂದು ದಾಖಲೆಯನ್ನೂ ಇಬ್ಬರು ಕಿರಿಯರಿಗೆ ಕೊಟ್ಟು ಪರಿಶೀಲಿಸಲು ಹೇಳಿದರು. ಒಟ್ಟು ನೂರ ಹನ್ನೊಂದಿದ್ದವು. ನೂರ ಹತ್ತರಲ್ಲಿ ಬರೆದ ಕಾರಣ ಸರಿಯಾಗಿಯೇ ಇತ್ತು. ಆದರೆ ಎರಡು ತಿಂಗಳು ಆ ಕಿರಿಯರು ಪಕ್ಕದ ಮೇಜಿನಲ್ಲಿ ಹಳೆಯ ವೀಡಿಯೋಗಳನ್ನು ಹಾಕಿಕೊಂಡು ಗುಳ್ಳೆ ಹುಡುಕುತ್ತಿದ್ದರು. ಅಕ್ಕ ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದರು. ಅವರಿಬ್ಬರಿಗೂ ರಕ್ತ ತೆಗೆಯುವುದನ್ನು ಕಲಿಸಿದವಳು ಅವಳೇ. ದಾನಿಗಳನ್ನು ಆರಿಸುವ ಕೆಲಸ ಅವಳ ಕೈಬಿಟ್ಟು ಹೋಯಿತು. ಗಾಜಿನ ಪಟ್ಟಿಗಳಿಗೆ ಲೇಪ ಹಾಕುವುದು ಉಳಿಯಿತು.

ಮುನಿ ಒಂದು ತಿಂಗಳ ಮೇಲೆ ಮೇಷ್ಟ್ರನ್ನು ಕರೆದುಕೊಂಡು ವೀಡಿಯೋ ನೋಡಲು ಬಂದಳು. ಮೇಡಂ ತಾವೇ ತೋರಿಸಿದರು. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಪರದೆಯ ಮೇಲೆ ಹಸಿರು ಚುಕ್ಕೆಗಳು ಬಂದವು, ಮುಟ್ಟಿದವು, ಜಾರಿದವು.

“ಇದು ನಾನಾ?” ಎಂದಳು ಮುನಿ.

“ನಿಮ್ಮ ಪ್ಲೇಟ್‌ಲೆಟ್‌ಗಳು. ಅವುಗಳಲ್ಲಿ ಏನೂ ದೋಷವಿಲ್ಲ. ಹಿಡಿದು ನಿಲ್ಲಿಸೋ ಪ್ರೋಟೀನಿಗೆ ಹಿಡಿತ ಇಲ್ಲ. ಹುಟ್ಟಿನಿಂದ ಹೀಗೇ.”

“ಹುಟ್ಟಿನಿಂದ.” ಮುನಿ ಆ ಮಾತನ್ನು ಎರಡು ಸಲ ಹೇಳಿಕೊಂಡಳು. “ಹದಿಮೂರನೇ ವಯಸ್ಸಿಂದ ನಾನೇ ಅಂದ್ಕೊಂಡಿದ್ದೆ, ನಂಗೆ ತಡ್ಕೊಳ್ಳೋ ಶಕ್ತಿ ಇಲ್ಲ, ಎಲ್ಲ ಹೆಂಗಸರಿಗೂ ಹೀಗೇ ಇರತ್ತೆ, ಅವರು ಸುಮ್ಮನಿರ್ತಾರೆ ಅಂತ.” ಆಮೇಲೆ ಪರದೆಯ ಮೂಲೆಯಲ್ಲಿದ್ದ ತಾರೀಖನ್ನು ಬಾಗಿ ನೋಡಿ ಗಟ್ಟಿಯಾಗಿ ಓದಿದಳು. ದಿನ, ತಿಂಗಳು, ವರ್ಷ, ಗಂಟೆ. ಮೇಷ್ಟ್ರು ಅಕ್ಕನ ಕಡೆ ತಿರುಗಿ ನೋಡಲಿಲ್ಲ. ಹೋಗುವಾಗ ಮಾತ್ರ ಹತ್ತಿರ ಬಂದು, ಕೆಳದನಿಯಲ್ಲಿ, “ಆ ಚಿತ್ರ ವಾಪಸ್ ಕೊಟ್ಟುಬಿಡಿ,” ಎಂದ.

ಅಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಮ್ಮ ಕೇಳುತ್ತ ಸೆರಗಿನ ಅಂಚು ಮಡಿಸಿದಳು. “ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ,” ಎಂದಳು ಮೊದಲು. ಆಮೇಲೆ, “ಅವಳನ್ನ ಎಷ್ಟು ಸಲ ಎಬ್ಬಿಸಿ ಸ್ಕೂಲಿಗೆ ಕಳಿಸಿದ್ದೀನಿ ನಾನು. ನಿಂಗೆ ಏನಂತ ಹೇಳ್ಲಿ?” ಎಂದು ಎದ್ದು ಒಳಗೆ ಹೋದಳು.

ತಾನೇ ಹಬ್ಬಿಸಿದ್ದನ್ನು ಅಮ್ಮ ಹಿಂದಕ್ಕೆ ತೆಗೆದುಕೊಳ್ಳುವಂತಾಗಬಾರದೆಂದು ಅಕ್ಕ ತಾನೇ ಒಬ್ಬೊಬ್ಬರಿಗೂ ಫೋನು ಮಾಡಿದಳು. ದೊಡ್ಡಮ್ಮ ಅರ್ಧ ಕೇಳಿ, “ಅಯ್ಯೋ ಬಿಡೇ, ಕೊನೆಗೆ ಜೀವ ಉಳಿಸಿದ್ದು ನೀನೇ ತಾನೆ? ಇಷ್ಟು ದೊಡ್ಡ ಕೆಲಸ ಮಾಡಿ ಎಷ್ಟು ಸಂಕೋಚ ನೋಡು ನಮ್ಮ ಹುಡುಗಿಗೆ,” ಎಂದಳು. “ಅಲ್ಲ ದೊಡ್ಡಮ್ಮ, ನಾನು ಸುಳ್ಳು ಹೇಳಿದ್ದೆ,” ಎಂದು ಬಿಡಿಸಿ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಸರ್ಜನ್‌ಗೆ ಅಕ್ಕ ಕಾಗದ ಬರೆದಳು. ಅವರು ಮುನಿಯ ಕಡತಕ್ಕೆ ಅದನ್ನು ಸೇರಿಸಿದ್ದಾಗಿ ಎರಡು ಸಾಲಿನ ಉತ್ತರ ಕಳಿಸಿದರು.

ಐದು ತಿಂಗಳು ಮುನಿ ಫೋನು ಎತ್ತಲಿಲ್ಲ. ಆರನೆಯ ತಿಂಗಳು ಅವಳೇ ಮಾಡಿದಳು. ಮುನ್ನುಡಿ ಇಲ್ಲ. “ಹಲ್ಲು ಕೀಳಿಸ್ಬೇಕು. ಮುಂಚೆ ಆ ಔಷಧ ಎಷ್ಟು ಹೊತ್ತಿಗೆ ಹಾಕಿಸ್ಬೇಕು, ಆಮೇಲೆ ಎಷ್ಟು ದಿನ, ಎಲ್ಲ ಸರಿಯಾಗಿ ಕೇಳ್ಕೋಬೇಕು. ನಂಗೆ ಗಾಬರಿ. ಮೇಷ್ಟ್ರಿಗೆ ಪರೀಕ್ಷೆ ಡ್ಯೂಟಿ. ಬರ್ತೀಯಾ?”

ಅಕ್ಕ ರಜೆ ಹಾಕಿ ಹೋದಳು. ಆಸ್ಪತ್ರೆಯ ಹಲ್ಲಿನ ಡಾಕ್ಟರು, ಮುನಿ ಕೊಟ್ಟ, ಕಾಯಿಲೆಯ ಹೆಸರಿದ್ದ ಕಾರ್ಡನ್ನು ತಿರುಗಿಸಿ ನೋಡಿ, “ಇದು ಬಹಳ ಜನರಲ್ಲಿ ಗೊತ್ತೇ ಆಗಲ್ಲ. ನಿಮಗೆ ಯಾರು ಕಂಡುಹಿಡಿದಿದ್ದು?” ಎಂದು ಕೇಳಿದರು.

ಅಕ್ಕ ನೆಲ ನೋಡಿದಳು.

“ಗೊತ್ತಾಗೋದು ಸ್ವಲ್ಪ ತಡ ಆಯ್ತು,” ಎಂದಳು ಮುನಿ. “ಇವರು ನಮ್ಮಕ್ಕ. ಔಷಧದ ವಿಷಯ ಇವರಿಗೆ ಚೆನ್ನಾಗಿ ಗೊತ್ತು. ಏನಿದ್ರೂ ಇವರ ಹತ್ರ ಹೇಳಿ, ಬರ್ಕೋತಾರೆ.”

ಅಕ್ಕ ಚೀಲದಿಂದ ಕಾಗದ ತೆಗೆದಳು. ಡಾಕ್ಟರು ಗುರುವಾರ ಹಲ್ಲು ಕೀಳುವುದೆಂದು ಗೊತ್ತುಮಾಡಿ ಔಷಧದ ವಿವರ ಹೇಳುತ್ತ ಹೋದರು, ಅವಳು ಬರೆದುಕೊಂಡಳು, ಬರೆದದ್ದನ್ನು ಮತ್ತೆ ಓದಿ ತೋರಿಸಿದಳು. ಮುನಿ ನೋಯುತ್ತಿದ್ದ ದವಡೆಗೆ ಕರವಸ್ತ್ರ ಒತ್ತಿಕೊಂಡು, ಆ ಕಾಗದವನ್ನು ತನ್ನ ಕಡೆ ಎಳೆದುಕೊಂಡು ಇನ್ನೊಂದು ಸಲ ಮೊದಲಿನಿಂದ ಓದಿದಳು. ಹೊರಗೆ ಬಂದು ಇಬ್ಬರೂ ಬಸ್ ನಿಲ್ದಾಣದ ತನಕ ನಡೆದರು. ಬಸ್ಸು ಬಂದಾಗ ಮುನಿ, “ಗುರುವಾರ ಎಂಟೂವರೆಗೆ. ತಡ ಮಾಡ್ಬೇಡ,” ಎಂದು ಹತ್ತಿದಳು.